ಕೆಟ್ಟಿದ್ದು ಹಾಡೋ, ಸ್ಪೀಕರೋ?

ಗಿಟಾರನ್ನು ಗರಗರ ಎನ್ನಿಸುವ ಬ್ಲೂಸ್-ರಾಕ್ ಸಂಗೀತ ಕೇಳುವವರ ಮನೆಯಲ್ಲಿ ಸ್ಪೀಕರ್ ಕೆಟ್ಟರೆ ಗೊತ್ತಾಗುವುದು ತಡ. ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಾಮ್ ಎಂಬ, ಅಮೆರಿಕದ ಮಿಸಿಸಿಪಿಯ ಗಿಟಾರ್ ಹುಡುಗನ ‘662’ ಆಲ್ಬಂ ಶುರು ಹಚ್ಚಿಕೊಂಡ ಮೇಲಂತೂ ಗೊತ್ತಾಗುವ ದಾರಿಯೇ ಮುಚ್ಚಿಹೋಯಿತು. ಹುಟ್ಟಿದ್ದು 1999ರಲ್ಲಿ, ಆಲ್ಬಂ ತಂದಿದ್ದು 2021ರಲ್ಲಿ, ಮರುವರ್ಷ ಗ್ರ್ಯಾಮಿ! ತಂತಿ ಬಾಗಿಸಿ ಸ್ವರವನ್ನು ಅಳಿಸುತ್ತಾನೆ, ಕಣ್ಣೊರೆಸಿಕೊಳ್ಳಲೂ ಬಿಡದೆ ಅದನ್ನೇ ಅಟ್ಟಿಸಿಕೊಂಡು ಓಡುತ್ತಾನೆ. ಅದನ್ನು ಕೇಳುತ್ತ ಕಸ ಗುಡಿಸಿದರೆ ಕಸ ಮೂಲೆ ಸೇರುವುದಿಲ್ಲ, ಗಾಳಿಗೇರುತ್ತದೆ.

“ರೀ, ಸ್ಪೀಕರ್ ಹರಿದಿದೆ” ಎಂದಳು ಹೆಂಡತಿ.

“ಅದು ಡಿಸ್ಟಾರ್ಷನ್ ಕಣೇ. ಗಿಟಾರಿನ ಸದ್ದನ್ನ ಬೇಕಂತಲೇ ಒಡೆಯೋದು.”

“ಅದೇನು ಹೆಸರು, 662?”

“ಅವನ ಊರಿನ ಕಡೆಯ ಟೆಲಿಫೋನ್ ಕೋಡ್.”

“ಹಾಗಾದ್ರೆ ಫೋನ್ ಮಾಡಿ ಕೇಳಿ, ಅಲ್ಲೂ ಹೀಗೇ ಕೇಳಿಸುತ್ತಾ ಅಂತ.”

ಆದರೆ ಇತಿಹಾಸ ನನ್ನ ಪಕ್ಷದಲ್ಲಿತ್ತು. 1951ರಲ್ಲಿ, ಇದೇ ಹುಡುಗನ ಊರಾದ ಕ್ಲಾರ್ಕ್ಸ್‌ಡೇಲ್‌ನ ಐಕ್ ಟರ್ನರ್ ತನ್ನ ತಂಡ ಕಟ್ಟಿಕೊಂಡು ರೆಕಾರ್ಡಿಂಗಿಗೆಂದು ಮೆಂಫಿಸ್‌ಗೆ ಹೊರಟರೆ, ದಾರಿಯಲ್ಲಿ ಗಿಟಾರಿನ ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ, ಆಂಪ್, ಪೆಟ್ಟು ತಿಂದಿತು. ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಅದರೊಳಗೆ ಅದುರಿ ಸದ್ದು ಹೊರಡಿಸುವ ಕೋನ್ ಹಾಳಾಗಿದ್ದರೆ ಅದಕ್ಕೆ ಕಾಗದ ತುರುಕಿ, ಹಾಗೇ ನುಡಿಸಿ ಎಂದರಂತೆ. ಆ ಗರಗರ ಸದ್ದಿನ ‘ರಾಕೆಟ್ 88’ ಅನ್ನು ಇಂದು ರಾಕ್ ಅಂಡ್ ರೋಲ್‌ನ ಆದಿ ಹಾಡುಗಳ ಸಾಲಿನಲ್ಲಿ ಕೂರಿಸುತ್ತಾರೆ. ಆಮೇಲಿನವರು ಅಪಘಾತಕ್ಕೂ ಕಾಯಲಿಲ್ಲ. ಗಿಟಾರ್ ವಾದಕ ಲಿಂಕ್ ರೇ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಹೊಡೆದರು. ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡ್ ಹಾಕಿ ಸೀಳಿಯೇಬಿಟ್ಟರು.

ಇದನ್ನೆಲ್ಲ ಮಗ ಕಣ್ಣರಳಿಸಿ ಕೇಳುತ್ತಿದ್ದ. ಯಾವ ಪಾಠಕ್ಕೂ ಪೆನ್ಸಿಲ್ ಹುಡುಕದವನು ಅಂದು ತಾನಾಗಿ ಹುಡುಕತೊಡಗಿದ. ಹೆಂಡತಿ ಪೆನ್ಸಿಲ್ ಕಿತ್ತುಕೊಂಡು ರಿಪೇರಿಯವರನ್ನು ಕರೆಸಿದಳು.

ಅವರು ಸ್ಪೀಕರಿಗೆ ಕಿವಿಯಿಟ್ಟು ಕೂತರು. ನಾನು ‘662’ ಹಾಕಿದೆ. ನಾಡಿ ನೋಡುವವರಂತೆ ಕಣ್ಣು ಮುಚ್ಚಿ ಪೂರ್ತಿ ಒಂದು ಹಾಡು ಕೇಳಿ, “ಸ್ಪೀಕರ್ ಚೆನ್ನಾಗೇ ಇದೆ ಸಾರ್. ಹಾಡೇ ಕೆಟ್ಟಿದೆ” ಎಂದರು.

ನನ್ನ ಗೆಲುವೋ ಸೋಲೋ ತಿಳಿಯುವಷ್ಟರಲ್ಲಿ ಹೆಂಡತಿ ಅದೇ ಸ್ಪೀಕರಿನಲ್ಲಿ ವಾರ್ತೆ ಹಚ್ಚಿದಳು. ವಾರ್ತಾವಾಚಕರು ಹವಾಮಾನ ಓದುತ್ತಿದ್ದರು. ಕೆಲಸ ಹೋಗಿ, ಮನದನ್ನೆ ಬಿಟ್ಟುಹೋಗಿ, ರಾತ್ರಿಯಿಡೀ ರೈಲು ನಿಲ್ದಾಣದಲ್ಲಿ ಕೂತು ಕೆಮ್ಮಿದವರ ಗಂಟಲಿನಲ್ಲಿ “ಚದುರಿದ ಮಳೆಯಾಗುವ ಸಂಭವವಿದೆ” ಎಂದರು. ನನಗಂತೂ ಹೊಟ್ಟೆ ಚುರುಕ್ಕೆಂದಿತು. ಹವಾಮಾನವನ್ನು ಇಷ್ಟು ಭಾವತುಂಬಿ ಯಾರೂ ಓದಿದ್ದಿಲ್ಲ.

ರಿಪೇರಿಯವರು ಜಾಲರಿ ಬಿಚ್ಚಿದರು. ಕೋನ್ ಬೆರಳುದ್ದ ಹರಿದಿತ್ತು. ಹೆಂಡತಿ ನನ್ನತ್ತ ನೋಡಲಿಲ್ಲ. ಅದು ನೋಡುವುದಕ್ಕಿಂತ ಜೋರಾಗಿತ್ತು. ಹೊಸ ಕೋನ್ ಕೂರಿಸಿ, ವಾರ್ತೆ ಕೇಳಿಸಿ, ದುಡ್ಡು ಎಣಿಸಿಕೊಂಡು ಹೋದರು. ವಾಚಕರ ದನಿಗೆ ಮತ್ತೆ ಸರ್ಕಾರಿ ಆರೋಗ್ಯ ಬಂದಿತ್ತು.

ಸಂಜೆ ನಾನು ‘662’ ಹಾಕಿದೆ. ಹೊಸ ಕೋನಿನಲ್ಲಿ ಆ ಗರಗರ ಇನ್ನೂ ಸ್ಪಷ್ಟವಾಗಿ, ಕಾಳುಕಾಳಾಗಿ ಕೇಳತೊಡಗಿತು. ಗೋಡೆಯ ಫೋಟೋ ಕೂಡ ತಾಳ ಹಾಕಿತು.

ಒಳಗಿನಿಂದ ಹೆಂಡತಿ ಫೋನಿನಲ್ಲಿ ಹೇಳುವುದು ಕೇಳಿಸಿತು: “ನೀವು ಮಾಡಿದ ರಿಪೇರಿ ಒಂದು ದಿನವೂ ಬರಲಿಲ್ಲ, ಬೇಗ ಬನ್ನಿ. ಬರುವಾಗ ನಮ್ಮನೆಯವರಿಗೂ ಏನಾದ್ರೂ ಆಗುತ್ತಾ ನೋಡಿ.”