ಡಬ್ಬದ ಮೇಲೆ 1050 ವಾಟ್, ಮನೆಯಲ್ಲಿ ಕೆಂಪು ದೀಪ

ನಿನ್ನೆ ರಾತ್ರಿ ನಮ್ಮ ಹೋಮ್ ಥಿಯೇಟರಿನ ರಿಸೀವರ್, ಅಂದರೆ ಸ್ಪೀಕರುಗಳಿಗೆ ಸದ್ದಿನ ಬಲ ಕೊಡುವ ಡಬ್ಬ, ಹನ್ನೊಂದನೇ ಸಲ ಆಫ್ ಆಯಿತು. ಹೌದು, ಎಣಿಸಿದ್ದೇನೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪಕ್ಕದಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ. ಸಿನಿಮಾದಲ್ಲಿ ಒಂದು ಲಾರಿ ಉರುಳಬೇಕು, ಇಲ್ಲ ಒಂದು ಬಾಂಬ್ ಸಿಡಿಯಬೇಕು, ಸರಿಯಾಗಿ ಆ ಹೊತ್ತಿಗೆ ರಿಸೀವರ್ ಒಳಗೆ 'ಟಕ್' ಅನ್ನುತ್ತದೆ. ಎಲ್ಲ ಸದ್ದೂ ಬಂದ್. ಮುಂದೆ ಪುಟ್ಟ ಕೆಂಪು ದೀಪ ಮಿಟುಕುತ್ತಾ ಕೂತಿರುತ್ತದೆ. ಎರಡು ಸೆಕೆಂಡ್ ಬಿಟ್ಟು ಟಿವಿಯ ಸ್ವಂತ ಸ್ಪೀಕರಿನಿಂದ, ಕಿವಿ ಹತ್ತಿರ ಸೊಳ್ಳೆ ಹಾಡಿದ ಹಾಗೆ, ಉಳಿದ ಯುದ್ಧ ಮುಂದುವರಿಯುತ್ತದೆ. 1 ಲಕ್ಷದ 72 ಸಾವಿರ ರೂಪಾಯಿ ಕೊಟ್ಟು ನಾನು ಕೇಳುತ್ತಿರುವುದು ಇದು.

ಎಂಟನೇ ಸಲ ಆಫ್ ಆಗಿದ್ದು ಭಾವ ಬಂದಿದ್ದಾಗ. ಅವರು ಸೋಫಾ ಮೇಲೆ ಕಾಲು ಮಡಿಸಿ ಕೂತು, "ಹಾಕಪ್ಪಾ ನೋಡೋಣ, ಎಷ್ಟು ನಡುಗುತ್ತೆ ಮನೆ" ಅಂದರು. ಮನೆ ನಡುಗಲಿಲ್ಲ. ಒಂದು ನಿಮಿಷ ಬಿಟ್ಟು "ಕರೆಂಟ್ ಹೋಯ್ತಾ?" ಅಂದರು. ಫ್ಯಾನ್ ತಿರುಗುತ್ತಿತ್ತು, ಲೈಟ್ ಉರಿಯುತ್ತಿತ್ತು. ಹೆಂಡತಿ ಅಡುಗೆಮನೆಯಿಂದಲೇ "ಇಲ್ಲ ಅಣ್ಣಾ, ಅದು ದಿನಾ ಹಾಗೇ" ಅಂದಳು.

ಮೈಸೂರಿನಲ್ಲಿ ಒಳ್ಳೆಯ ಡೆಮೋ ಸಿಗಲ್ಲ ಅಂತ ಬೆಂಗಳೂರಿಗೆ ಹೋಗಿ ತಂದ ಸೆಟ್ಟು ಇದು. ಮೊದಲು ಎಸ್‌ಪಿ ರೋಡಿನಲ್ಲಿ ಎರಡು ಗಂಟೆ ಅಲೆದೆ. ಆಮೇಲೆ ಎಸಿ ಹಾಕಿ, ಗೋಡೆಗೆ ಸ್ಪಂಜು ಬಡಿದು, ಕುಡಿಯೋಕೆ ಬಾದಾಮಿ ಹಾಲು ಕೊಡುವ ಒಂದು ಅಂಗಡಿಗೆ ಹೋದೆ. ಅಂಗಡಿ ಹೆಸರು ಹೇಳಲ್ಲ, ಬಿಡಿ. ಸ್ಪೀಕರ್ ಎದೆಮಟ್ಟ ಎತ್ತರ, ಒಂದೊಂದು 24 ಕೆಜಿ. ಕೇಳಿದ ಕೂಡಲೇ ಮನಸ್ಸು ಸೋತಿತು, ಅದು ನಿಜ. ಆ ಸ್ಪೀಕರ್ ಬಗ್ಗೆ ಇವತ್ತಿಗೂ ನನಗೆ ಒಂದು ದೂರಿಲ್ಲ. ಮಾರುವ ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಈ ರಿಸೀವರ್ ಸಾಕಾಗುತ್ತಾ?" ಅವನು ಉಸಿರು ತೆಗೆದುಕೊಳ್ಳದೆ ಹೇಳಿದ: "ಸಾರ್, ಏಳು ಚಾನೆಲ್, ಒಂದೊಂದಕ್ಕೆ 150 ವಾಟ್. ಟೋಟಲ್ 1050 ವಾಟ್. ಸ್ಪೀಕರ್ 250 ವಾಟ್. ಸಖತ್ ಮ್ಯಾಚ್ ಸಾರ್." (ಚಾನೆಲ್ ಅಂದರೆ ಇಲ್ಲಿ ಟಿವಿ ಚಾನೆಲ್ ಅಲ್ಲ, ಒಂದೊಂದು ಸ್ಪೀಕರಿಗೆ ಸದ್ದು ಕಳಿಸುವ ದಾರಿ.)

ಸಾವಿರದೈವತ್ತು ಅಂದ ಮೇಲೆ ಇನ್ನೇನು ಕೇಳೋದು? ಕಾರ್ಡ್ ಕೊಟ್ಟೆ.

ಅವನು ವೈರ್ ಮಾರುವಾಗ ಮಾತ್ರ ಎಷ್ಟು ಜಾಣ ನೋಡಿ. ಎಷ್ಟು ಅಡಿ, ಎಷ್ಟು ಗೇಜು, ತಾಮ್ರ ಎಷ್ಟು ಶುದ್ಧ, ತುದಿಗೆ ಚಿನ್ನದ ಲೇಪ ಬೇಕಾ, ಎಲ್ಲ ಕೇಳಿದ. ವೈರಿಗೇ 6,500 ಬಿಲ್ ಮಾಡಿದ. ಸ್ಪೀಕರ್ ಎಷ್ಟು ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ, ಅಂತ ಮಾತ್ರ ಅವನೂ ಹೇಳಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಗಲ್ಲಾ ಪೆಟ್ಟಿಗೆ ಮೇಲೆ ಅರಿಶಿನ ಕುಂಕುಮ ಹಚ್ಚಿ ಓಂ ಅಂತ ಬರೆದಿದ್ದರು. ಅದೊಂದು ಬಿಟ್ಟು ಬೇರೆ ಓಮ್ ಆ ಅಂಗಡಿಗೆ ಬಂದ ಹಾಗಿಲ್ಲ.

ಮೂರು ತಿಂಗಳು ಬಿಟ್ಟು ಮೊಬೈಲ್ ಟಾರ್ಚ್ ಹಿಡಿದು, ಟಿವಿ ಯೂನಿಟ್ ಹಿಂದೆ ತಲೆ ತೂರಿಸಿ ನಾನೇ ಓದಿದೆ. ಸ್ಪೀಕರ್ ಹಿಂದೆ: 4 ಓಮ್. ರಿಸೀವರ್ ಹಿಂದೆ, ವೈರ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ: 6ರಿಂದ 16 ಓಮ್. ಅಷ್ಟೇ ಕಥೆ. ಇಬ್ಬರ ಬೆನ್ನ ಮೇಲೂ ಬರೆದಿದೆ. ಒಂದು ಅಂಕಿಗೆ ಇನ್ನೊಂದು ಹೊಂದಲ್ಲ ಅಂತ ಐದನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ಎರಡೂ ಬೆನ್ನನ್ನು ಒಟ್ಟಿಗೆ ನೋಡುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ.

ಓಮ್ ಕಡಿಮೆ ಆದರೆ ಏನಾಗುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವೂ ಬೀಳಬೇಡಿ. ತೋಟದ ಮೋಟರಿಗೆ ಸಣ್ಣ ಪೈಪ್ ಹಾಕಿದರೆ ಅದು ಕೊಡುವ ನೀರು ಕಡಿಮೆ. ದಪ್ಪ ಪೈಪ್ ಹಾಕಿ ಅದೇ ಒತ್ತಡ ಬೇಕು ಅಂದರೆ ಜಾಸ್ತಿ ನೀರು ಎತ್ತಬೇಕು. ತಾಕತ್ತಿಲ್ಲದ ಮೋಟರ್ ಬಿಸಿಯಾಗಿ ಟ್ರಿಪ್ ಆಗುತ್ತದೆ. ಇಲ್ಲೂ ಹಾಗೇ, ಓಮ್ ಕಡಿಮೆ ಅಂದರೆ ಪೈಪ್ ದಪ್ಪ. 8 ಓಮ್ ಸ್ಪೀಕರಿಗೆ 80 ವಾಟ್ ಕೊಡಬೇಕಾದರೆ ಸುಮಾರು 25 ವೋಲ್ಟ್, 3 ಆಂಪಿಯರ್ ಸಾಕು. ಅದೇ 25 ವೋಲ್ಟನ್ನು 4 ಓಮ್ ಸ್ಪೀಕರಿಗೆ ಕೊಟ್ಟರೆ 6 ಆಂಪಿಯರ್ ಎಳೆಯುತ್ತದೆ. ಇನ್ನೊಂದು ಇದೆ. 4 ಅನ್ನುವುದು ಬರೀ ಹೆಸರಿಗೆ. ಸ್ವರ ಏರಿ ಇಳಿದ ಹಾಗೆ ಸ್ಪೀಕರಿನ ಓಮ್ ಕೂಡ ಏರಿ ಇಳಿಯುತ್ತದೆ. ನನ್ನದು ಕೆಲವು ಕಡೆ 3ರ ಹತ್ತಿರ ಇಳಿಯುತ್ತದಂತೆ. ಅಲ್ಲಿ 8 ಆಂಪಿಯರಿಗೂ ಜಾಸ್ತಿ. ಅಷ್ಟು ಕರೆಂಟ್ ಕೊಡುವ ಶಕ್ತಿ ನನ್ನ ರಿಸೀವರಿಗೆ ಇಲ್ಲ. ತನ್ನ ಜೀವ ಉಳಿಸಿಕೊಳ್ಳೋಕೆ ಅದು ಆಫ್ ಆಗುತ್ತದೆ. ಪಾಪ, ಇಡೀ ವ್ಯವಹಾರದಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡಿದ್ದು ಆ ಕೆಂಪು ದೀಪ ಒಂದೇ.

ಈಗ ಆ 150 ವಾಟ್ ಕಥೆಗೆ ಬರೋಣ. ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಇದು. ಮ್ಯಾನ್ಯುಯಲ್ಲಿನ ಕೊನೆಯ ಪುಟದಲ್ಲಿ ಬರೆದಿದ್ದಾರೆ: 150 ವಾಟ್, 6 ಓಮ್, 1 ಕಿಲೋಹರ್ಟ್ಸ್, 10 ಪರ್ಸೆಂಟ್ ಡಿಸ್ಟಾರ್ಷನ್ (ಸದ್ದು ಎಷ್ಟು ಕೆಡುತ್ತದೆ ಅನ್ನುವ ಅಳತೆ), ಒಂದು ಚಾನೆಲ್ ಮಾತ್ರ. ಅಂದರೆ ಏಳರಲ್ಲಿ ಆರು ಚಾನೆಲ್ಲಿಗೆ ರಜ ಕೊಟ್ಟು, ಒಂದೇ ಒಂದು ಚಾನೆಲ್ಲಿಗೆ ಒಂದೇ ಒಂದು ಸ್ವರ ಕೊಟ್ಟು, ಸದ್ದು ಕರ್ಕಶ ಆಗುವವರೆಗೂ ಹಿಂಡಿ ತೆಗೆದ ಅಂಕಿ. ಅದರ ಕೆಳಗೆ ಇನ್ನೊಂದು ಸಾಲು: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08 ಪರ್ಸೆಂಟ್ ಡಿಸ್ಟಾರ್ಷನ್, ಎರಡು ಚಾನೆಲ್, 80 ವಾಟ್. ನಿಜಕ್ಕೆ ಹತ್ತಿರ ಇರುವುದು ಈ ಸಾಲು. ಇದನ್ನು ಡಬ್ಬದ ಮೇಲೆ ಹಾಕಲ್ಲ. ಏಳೂ ಚಾನೆಲ್ ಒಟ್ಟಿಗೆ ಓಡಿದರೆ ಎಷ್ಟು ಅಂತ ಎಲ್ಲೂ ಬರೆದಿಲ್ಲ. ಬರೆದರೆ ಅಂಕಿ ಸಣ್ಣದಾಗುತ್ತದೆ, ಯಾಕೆಂದರೆ ಎಲ್ಲ ಚಾನೆಲ್ಲಿಗೂ ಒಳಗೆ ಇರುವುದು ಒಂದೇ ಪವರ್ ಸಪ್ಲೈ. ರಿಸೀವರ್ ಬೆನ್ನ ಮೇಲೆ, ಗೋಡೆಯಿಂದ ಎಳೆಯುವ ಕರೆಂಟು 480 ವಾಟ್ ಅಂತ ಇದೆ. (ಅದು ಒಂದು ನಿಗದಿತ ಪರೀಕ್ಷೆಯ ಅಂಕಿ, ಗರಿಷ್ಠ ಅಲ್ಲ ಅಂತ ತಿಳಿದವರು ಜಗಳಕ್ಕೆ ಬರಬಹುದು. ಒಪ್ಪಿದೆ.) ಆದರೂ 480 ಒಳಗೆ ಹೋಗಿ, ಅದರಲ್ಲಿ ಒಂದು ದೊಡ್ಡ ಪಾಲು ಬರೀ ಬಿಸಿಯಾಗಿ ಮೇಲಿನ ಜಾಲರಿಯಿಂದ ಹೋದ ಮೇಲೂ, 1050 ಹೊರಗೆ ಬರುತ್ತದೆ ಅಂದರೆ ಅದು ರಿಸೀವರ್ ಅಲ್ಲ, ಅಕ್ಷಯಪಾತ್ರೆ.

ನನ್ನ ವಯಸ್ಸಿನವರಿಗೆ ಪಿಎಂಪಿಒ ನೆನಪಿರಬೇಕು, ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಹೇಳಿಕೊಂಡು ಉಬ್ಬಿಸಿ ಬರೆಯುತ್ತಿದ್ದ ವಾಟ್. 90ರ ದಶಕದಲ್ಲಿ ನಮ್ಮ ಮನೆಗೆ ಬಂದ ಟೂ-ಇನ್-ವನ್ ಮೇಲೆ ಹೊಳೆಯುವ ಸ್ಟಿಕ್ಕರ್ ಇತ್ತು, 400 ವಾಟ್ ಪಿಎಂಪಿಒ ಅಂತ. ಅದು ಆರು ದಪ್ಪ ಸೆಲ್ ಹಾಕಿದರೂ ಓಡುತ್ತಿತ್ತು! ಆರು ಸೆಲ್ಲಿಗೆ 400 ವಾಟ್. ಅಪ್ಪ ಅದನ್ನೇ ಬೀದಿಯವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದರು. ದೊಡ್ಡವನಾದ ಮೇಲೆ ಅದನ್ನು ನೆನೆದು ನಾನು ಎಷ್ಟು ನಕ್ಕಿದ್ದೇನೆ. ಈಗ ನೋಡಿದರೆ ಮೂವತ್ತು ವರ್ಷ ಆದ ಮೇಲೆ ಅದೇ ಸ್ಟಿಕ್ಕರಿಗೆ ನಾನೂ ದುಡ್ಡು ಕೊಟ್ಟು ಬಂದಿದ್ದೇನೆ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಅನ್ನುವ ಸಂಸ್ಥೆ ಆಂಪ್ಲಿಫಯರಿನ ವಾಟ್ ಹೇಗೆ ಹೇಳಬೇಕು ಅಂತ 1974ರಲ್ಲೇ ನಿಯಮ ತಂದಿತ್ತು. ಅದೂ ಸಾಲದು ಅಂತ 2024ರಲ್ಲಿ ಇನ್ನಷ್ಟು ಬಿಗಿ ಮಾಡಿದರು. ಇಲ್ಲಿ ನಮಗೆ ಸಿಗುವುದು "ಟೋಟಲ್ 1050 ಸಾರ್".

ದೂರು ಕೊಟ್ಟ ಮೇಲೆ ನಡೆದಿದ್ದು ಇನ್ನೂ ಚೆನ್ನಾಗಿದೆ. ಅಂಗಡಿಯವರು "ವೋಲ್ಟೇಜ್ ಪ್ರಾಬ್ಲಂ ಇರಬೇಕು, ಸ್ಟೆಬಿಲೈಸರ್ ಹಾಕಿ" ಅಂದರು. ಹಾಕಿದೆ. 4,200 ರೂಪಾಯಿ. ಮಾರನೇ ದಿನವೇ ಆಫ್ ಆಯಿತು. ಈಗ ಅದು ಫ್ರಿಜ್ಜಿಗೆ ಕೆಲಸ ಮಾಡುತ್ತಿದೆ. ಆಮೇಲೆ "ವೈರಿನ ಎಳೆ ಪಕ್ಕದ್ದಕ್ಕೆ ತಾಗಿರಬೇಕು, ನೋಡಿ" ಅಂದರು. ಅದು ನಿಜಕ್ಕೂ ಆಗುವಂಥದ್ದು, ಅಲ್ಲಗಳೆಯಲ್ಲ. ಎಲ್ಲ ಬಿಚ್ಚಿ, ತುದಿ ಹೊಸೆದು, ಮತ್ತೆ ಸಿಕ್ಕಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಸರ್ವೀಸ್ ಸೆಂಟರಿಗೆ ಹೋಗಿ ಅಂದರು. ಸರ್ವೀಸ್ ಸೆಂಟರ್ ಬೆಂಗಳೂರಿನಲ್ಲಿ. ಹತ್ತು ಕೆಜಿ ರಿಸೀವರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಮೈಸೂರಿನಿಂದ ಬಸ್ಸಿನಲ್ಲಿ ಹೋದೆ. ಕಂಡಕ್ಟರ್ "ಏನ್ ಸಾ ಅದು, ಗ್ರೈಂಡರಾ?" ಅಂದ. ಹೌದು ಅಂದೆ. ವಿವರಿಸುವ ಶಕ್ತಿ ಇರಲಿಲ್ಲ. ಅಷ್ಟು ದೂರ ನನ್ನನ್ನು ಅರೆದಿದ್ದಂತೂ ನಿಜ.

ಅಲ್ಲಿ ಅವರು ಎಂಟು ದಿನ ಇಟ್ಟುಕೊಂಡು, ತಮ್ಮ ಹತ್ತಿರ ಇದ್ದ ಯಾವುದೋ ಪುಟ್ಟ ಸ್ಪೀಕರ್ ಹಾಕಿ ಓಡಿಸಿ, "ನೋ ಪ್ರಾಬ್ಲಂ ಫೌಂಡ್" ಅಂತ ಚೀಟಿ ಬರೆದರು. ಪ್ರಾಬ್ಲಂ ಸಿಗಬೇಕಾದರೆ ನನ್ನ ಸ್ಪೀಕರ್ ಹಾಕಬೇಕು ಅಲ್ವಾ? ಅದನ್ನು ಕೇಳಿದರೆ "ಹಾಗಾದರೆ ಸ್ಪೀಕರ್ ಕಂಪ್ಲೇಂಟ್ ಸಾರ್, ಅವರನ್ನು ಕೇಳಿ." ಸ್ಪೀಕರಿನವರಿಗೆ ಫೋನ್ ಮಾಡಿದರೆ "ನಮ್ಮ ಸ್ಪೀಕರ್ ಪರ್ಫೆಕ್ಟ್, ರಿಸೀವರ್ ವೀಕ್." ಹೀಗೆ ಹೇಳಿದವರು ಅವರೊಬ್ಬರೇ, ಹೇಳಿದ್ದೂ ಸರಿ. ಆದರೆ ಎರಡನ್ನೂ ಒಂದೇ ಬಿಲ್ಲಿನಲ್ಲಿ ಮಾರಿದವನು ಮಾತ್ರ ಮಧ್ಯದಲ್ಲಿ ಎಲ್ಲೂ ಇಲ್ಲ.

ಎರಡನೇ ಸಲ ಹೋದಾಗ ಇನ್ನೊಬ್ಬರು, ಸ್ವಲ್ಪ ತಿಳಿದವರ ಹಾಗೆ ಕಂಡರು, ಮೆನುವಿನಲ್ಲಿ ಒಳಗೆಲ್ಲೋ ಹೋಗಿ 4 ಓಮ್ ಅಂತ ಒತ್ತಿ ಕೊಟ್ಟರು. "ಆಯ್ತು ಸಾರ್." ಮನೆಗೆ ತಂದು ಹಾಕಿದೆ. ಆಫ್ ಆಗುವುದು ನಿಂತಿತು. ಜೊತೆಗೆ ಸದ್ದಿನ ಜೀವವೂ ಹೋಯಿತು. ಚಂಡೆಗೆ ಬಟ್ಟೆ ಹೊದಿಸಿ ಬಡಿದ ಹಾಗೆ. ಕಾರಣ ಏನೆಂದರೆ, ಆ ಬಟನ್ ಒತ್ತಿದರೆ ರಿಸೀವರಿನ ಶಕ್ತಿ ಏನೂ ಜಾಸ್ತಿ ಆಗಲ್ಲ. ಒಳಗಿನ ವೋಲ್ಟೇಜನ್ನೇ ತಗ್ಗಿಸಿ, ಬಿಸಿ ಆಗದ ಹಾಗೆ ಕಟ್ಟಿಹಾಕುತ್ತದೆ, ಅಷ್ಟೇ. ಎತ್ತು ಎಳೆಯಲ್ಲ ಅಂತ ಗಾಡಿಯಿಂದ ಅರ್ಧ ಮೂಟೆ ಇಳಿಸಿ "ನೋಡಿ, ಈಗ ಓಡುತ್ತೆ" ಅಂದ ಹಾಗೆ. ಎರಡು ವಾರ ಕೇಳಿ, ಬೇಸರ ಬಂದು ವಾಪಸ್ ಮೊದಲಿದ್ದ ಹಾಗೇ ಮಾಡಿದೆ.

ಕೊನೆಗೆ ಅಂಗಡಿಯವರ ಪರಿಹಾರ ಬಂತು: "200 ವಾಟ್ ರಿಸೀವರಿಗೆ ಅಪ್‌ಗ್ರೇಡ್ ಮಾಡಿ ಸಾರ್, ಎಕ್ಸ್‌ಚೇಂಜ್ ಕೊಡ್ತೀವಿ." ಮತ್ತೆ ವಾಟು! ಅಯ್ಯಾ, ವಾಟ್ ಎರಡರಷ್ಟು ಮಾಡಿದರೆ ಸದ್ದು ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ನನಗೆ ಜೋರು ಬೇಕಿರಲಿಲ್ಲ. ದಿನಾ ನೋಡುವ ಸದ್ದಿಗೆ ಮೂರು ಮೀಟರ್ ದೂರದಲ್ಲಿ ಕೂತರೆ ಕೆಲವೇ ವಾಟ್ ಸಾಕು. ಬೇಕಿದ್ದು ಲಾರಿ ಉರುಳುವ ಆ ಎರಡು ಸೆಕೆಂಡ್ ಧೈರ್ಯವಾಗಿ ಕರೆಂಟ್ ಕೊಡುವ ಯಂತ್ರ. ಸ್ಪೀಕರ್ ಎಷ್ಟು ಜೋರು ಅಂತ ಅದರ ಹಾಳೆಯಲ್ಲಿ ಬರೆದಿರುವ 87 ಡೆಸಿಬಲ್ ಕೂಡ ಹೀಗೇ ಒಂದು ಕಣ್ಕಟ್ಟು. ಅದನ್ನು 2.83 ವೋಲ್ಟ್ ಕೊಟ್ಟು ಅಳೆದಿರುತ್ತಾರೆ. 8 ಓಮ್ ಸ್ಪೀಕರಿಗೆ ಅದು 1 ವಾಟ್, 4 ಓಮಿಗೆ 2 ವಾಟ್. ಒಂದೇ ವಾಟಿಗೆ ಲೆಕ್ಕ ಹಾಕಿದರೆ ನನ್ನದು 84. ಹಸಿವು ಜಾಸ್ತಿ ಇರುವ ಸ್ಪೀಕರ್ ಇದು. ಅಂಗಡಿಯಲ್ಲಿ ಅದನ್ನು ಓಡಿಸಿ ತೋರಿಸಿದ್ದು ಬೇರೆಯೇ ಒಂದು ದೊಡ್ಡ ಪವರ್ ಆಂಪ್ಲಿಫಯರಿನಲ್ಲಿ. ಅದೂ ನನಗೆ ಈಗ ಹೊಳೆಯುತ್ತಿದೆ. ಮೂಲೆಯಲ್ಲಿ ನೀಲಿ ದೀಪದ ಕಪ್ಪು ಪೆಟ್ಟಿಗೆ ಒಂದು ಕೂತಿತ್ತು. ನಾನು ಬಾದಾಮಿ ಹಾಲು ಕುಡಿಯುತ್ತಿದ್ದೆ.

ಹಾಗಾದರೆ ನೀವೂ ಅಂಥ ಪವರ್ ಆಂಪ್ ತಂದು ಜೋಡಿಸಿ ಅಂತ ನಾಲ್ಕು ಜನ ಸಲಹೆ ಕೊಟ್ಟಿದ್ದಾರೆ. ಒಳ್ಳೆಯ ಸಲಹೆ. ಆದರೆ ಅದಕ್ಕೆ ರಿಸೀವರ್ ಹಿಂದೆ ಪ್ರೀ-ಔಟ್, ಅಂದರೆ ಬಲ ಸೇರಿಸುವ ಮೊದಲಿನ ಸದ್ದನ್ನು ಬೇರೆ ಆಂಪಿಗೆ ಕಳಿಸುವ ಕಿಂಡಿ, ಇರಬೇಕು. ನನ್ನದರಲ್ಲಿ ಸಬ್‌ವೂಫರಿಗೆ ಬಿಟ್ಟರೆ ಬೇರೆ ಪ್ರೀ-ಔಟ್ ಇಲ್ಲ. ಒಂದು ಮೆಟ್ಟಿಲು ಮೇಲಿನ ಮಾಡೆಲ್ಲಿನಲ್ಲಿ ಇದೆ, ಅವತ್ತು 18 ಸಾವಿರ ಜಾಸ್ತಿ. ಆ ಹುಡುಗ ಇದೊಂದು ಮಾತು ಹೇಳಿದ್ದರೆ ಅಲ್ಲೇ ಕೊಟ್ಟು ಬರುತ್ತಿದ್ದೆ! ವೈರಿಗೆ 6,500 ಕೊಟ್ಟವನು ಇದಕ್ಕೆ ಕೊಡುತ್ತಿರಲಿಲ್ಲವಾ?

ಸದ್ಯಕ್ಕೆ ನಾನೇ ಓದಿ, ನಾನೇ ಗುದ್ದಾಡಿ ಎರಡು ಕೆಲಸ ಮಾಡಿದ್ದೇನೆ. ರಿಸೀವರ್ ತಾನೇ ಮೈಕ್ ಹಾಕಿಸಿಕೊಂಡು ಸೆಟ್ ಮಾಡಿಕೊಂಡಾಗ ಮುಂದಿನ ಸ್ಪೀಕರನ್ನು 'ಲಾರ್ಜ್' ಅಂತ ಬರೆದುಕೊಂಡಿತ್ತು. ಅಂದರೆ ಗುಡುಗು, ಬಾಂಬು, ಎಲ್ಲ ಭಾರದ ಸದ್ದೂ ಅದರ ತಲೆ ಮೇಲೆ. ಅದನ್ನು 'ಸ್ಮಾಲ್' ಮಾಡಿ 80 ಹರ್ಟ್ಸ್‌ಗೆ ಕತ್ತರಿಸಿದೆ. ಈಗ ಕೆಳಗಿನದೆಲ್ಲ ಸಬ್‌ವೂಫರಿಗೆ ಹೋಗುತ್ತದೆ, ಅದಕ್ಕೆ ಸ್ವಂತ ಆಂಪ್ ಇದೆ. ಎದೆಮಟ್ಟದ ಸ್ಪೀಕರಿಗೆ ಸ್ಮಾಲ್ ಅನ್ನೋಕೆ ಸಂಕಟ ಆಗುತ್ತದೆ, ಆದರೂ ಆಗಾಗ ಆಗುತ್ತಿದ್ದ ರಗಳೆ ಕಡಿಮೆಯಾಗಿದೆ. ಇನ್ನೊಂದು, ಗಾಳಿ. ರಿಸೀವರ್ ಇರುವುದು ಟಿವಿ ಯೂನಿಟ್ಟಿನ ಮುಚ್ಚಿದ ಗೂಡಿನಲ್ಲಿ, ಮೇಲೆ ಎರಡು ಬೆರಳು ಜಾಗ ಇಲ್ಲ. ನಿನ್ನೆ ಆಫ್ ಆದಾಗ ಮುಟ್ಟಿ ನೋಡಿದರೆ ದೋಸೆ ಹಂಚು.

ಬಡಗಿಗೆ ಬೆಳಿಗ್ಗೆ ಫೋನ್ ಮಾಡಿದೆ, ಹಿಂದಿನ ಹಲಗೆ ಕೊಯ್ದು ಕೊಡು ಅಂತ. ಅವನು ಕೇಳಿದ: "ಡಬ್ಬ ಎಷ್ಟು ಅಗಲ ಸಾ? ಎಷ್ಟು ಬಿಸಿ ಆಯ್ತದೆ? ಮ್ಯಾಲೆ ಎಷ್ಟು ಜಾಗ ಬಿಡ್ಬೇಕು ಅಂತ ಅದ್ರ ಪುಸ್ತಕದಾಗೆ ಬರ್ದಿರ್ತದೆ, ನೋಡಿ ಹೇಳಿ, ಆಮೇಲೆ ಬತ್ತೀನಿ." ಇಷ್ಟು ದಿನದಲ್ಲಿ ಪುಸ್ತಕ ತೆಗೆದು ನೋಡಿ ಅಂದ ಮೊದಲನೇ ಮನುಷ್ಯ. ಗುರುವಾರ ಬರುತ್ತಾನೆ.