ಮುಂದಿನ ಹಲ್ಲು ಮತ್ತು ಕೋಡುಬಳೆ

ಮುರಿದ ಹಲ್ಲಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್‌ನಂಥ ರೆಸಿನ್) ಹಾಕಿಸಿಕೊಂಡರೆ ಜೀವನಪೂರ್ತಿ ಚಿಂತೆಯಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಅದೊಂದು ಮಾತು ಒಪ್ಪಲಾರೆ.

ಸಂಕ್ರಾಂತಿಗೆ ಕಬ್ಬು ಸಿಗಿಯಲು ಹೋಗಿ ನನ್ನ ಮುಂದಿನ ಹಲ್ಲಿನ ತುದಿ ಹಾರಿತ್ತು. ಡಾಕ್ಟರ್ ಇಂಜೆಕ್ಷನ್ ಕೂಡ ಕೊಡಲಿಲ್ಲ. ಮೊದಲು ಬಣ್ಣ ಹೊಂದಿಸಿದರು (ಹಲ್ಲು ಒಣಗಿದರೆ ಬೆಳ್ಳಗೆ ಕಾಣುತ್ತದಂತೆ, ಅದಕ್ಕೇ ಮೊದಲೇ ನೋಡಬೇಕು). ಆಮೇಲೆ ನೀಲಿ ಜೆಲ್ ಹಚ್ಚಿ ಅರ್ಧ ನಿಮಿಷದೊಳಗೆ ತೊಳೆದರು. ಅದು ಫಾಸ್ಫಾರಿಕ್ ಆಸಿಡ್. ಹಲ್ಲಿನ ಹೊರಪದರವಾದ ಎನಾಮೆಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡುತ್ತದೆ, ರೆಸಿನ್ ಕಚ್ಚಿಕೊಳ್ಳುವುದು ಅಲ್ಲೇ. 1955ರಲ್ಲಿ ಬ್ಯೂನೊಕೋರ್ ಎಂಬ ಅಮೆರಿಕದ ದಂತವೈದ್ಯರು ತೋರಿಸಿಕೊಟ್ಟ ಉಪಾಯ ಇದು. ಆಮೇಲೆ ಮೇಣದಂಥ ರೆಸಿನ್ನನ್ನು ಪದರ ಪದರವಾಗಿ ಇಟ್ಟು, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದರು. ಮಾಮೂಲಿ ರೆಸಿನ್ ಆದರೆ ಒಂದು ಪದರ 2 ಮಿಲಿಮೀಟರ್ ಮೀರಬಾರದು, ಒಳಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಕೆಲಸ ಚೆನ್ನಾಗೇ ಆಯಿತು. ಆದರೆ ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವಳು ನಾನು. ಎರಡೇ ವರ್ಷಕ್ಕೆ ಅಂಚು ಹಳದಿಯಾಯಿತು, ಪಾಲಿಶ್ ಮಾಡಿಸಿದೆ. ಕಳೆದ ಗೋಕುಲಾಷ್ಟಮಿಗೆ ಕೋಡುಬಳೆ ಕಡಿದು ಮತ್ತೆ ಚೂರು ಹೋಯಿತು. ತಪ್ಪು ನನ್ನದೇ ಬಿಡಿ. ಪುಣ್ಯಕ್ಕೆ ಹಳೆಯದರ ಮೇಲೇ ಹೊಸದು ಸೇರಿಸಿ ಸರಿಮಾಡಿದರು, ಕ್ಯಾಪ್ ಹಾಕುವಾಗಿನಂತೆ ಹಲ್ಲನ್ನು ಸುತ್ತಲೂ ಉಜ್ಜಬೇಕಾಗಲಿಲ್ಲ. ಈಗ ಕೋಡುಬಳೆಯನ್ನು ಕೈಯಲ್ಲೇ ಮುರಿದು ದವಡೆಗೆ ಹಾಕಿಕೊಳ್ಳುತ್ತೇನೆ.