ಬಾಣಂತಿಗೆ ಒಂದು ಲೋಟ ನೀರು ಕೊಡೋಕೆ ಏನು ಕಷ್ಟ?

ನಿನ್ನೆ ರಾತ್ರಿ ಹತ್ತೂವರೆಗೆ ತಂಗಿ ಫೋನ್ ಮಾಡಿದಳು. ಅವಳಿಗೆ ಆಪರೇಷನ್ ಆಗಿ ಒಂಬತ್ತು ದಿನ. ಮೈಸೂರಿನ ಆಸ್ಪತ್ರೆಯಿಂದ ಮದ್ದೂರು ತಾಲ್ಲೂಕಿನ ನಮ್ಮೂರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ. ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಮಗುವಿಗೆ ಏನೋ ಆಯಿತು ಅಂತ ನನ್ನ ಎದೆ ಧಸಕ್ಕೆಂದಿತು. ಅವಳು ಕೇಳಿದ್ದು ಇಷ್ಟೇ: "ಅಕ್ಕ, ನೀರು ಕುಡಿದ್ರೆ ನಿಜವಾಗ್ಲೂ ಹೊಲಿಗೆ ಕೀವಾಗುತ್ತಾ?"

ಬಿ.ಕಾಂ. ಓದಿದ ಹುಡುಗಿ. ಬಾಯಾರಿದರೆ ನೀರು ಕುಡಿಯಬಹುದಾ ಅಂತ ಕದ್ದು ಕೇಳುವ ಹಾಗೆ ಮಾಡಿಟ್ಟಿದ್ದಾರೆ. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಅದೂ ಜೀರಿಗೆ ಹಾಕಿ ಕುದಿಸಿದ್ದು. ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಕಟ್ಟಿ ಕೂರಿಸಿದ್ದಾರೆ. ಮೈಯೆಲ್ಲ ಬೆವರು. ಹೋದ ನೀರಿಗೆ ಲೆಕ್ಕವಿಲ್ಲ, ಕುಡಿಯುವ ನೀರಿಗೆ ಮಾತ್ರ ಲೋಟದ ಲೆಕ್ಕ.

ನಮ್ಮದು ಎಂಥ ಊರು ಗೊತ್ತಾ? ಮನೆಯಿಂದ ಇನ್ನೂರು ಹೆಜ್ಜೆಗೆ ವಿ.ಸಿ. ನಾಲೆ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಡಲಿಲ್ಲ ಅಂದರೆ ಹೆದ್ದಾರಿಗೆ ಹೋಗಿ ಕೂರುವ ಜನ ನಾವು. ಕಬ್ಬು ಒಣಗಿದರೆ ಅಪ್ಪನಿಗೆ ನಿದ್ದೆ ಬರುವುದಿಲ್ಲ. ಅದೇ ಮನೆಯಲ್ಲಿ ಹೆತ್ತ ಮಗಳು ಬಾಯಿ ಒಣಗಿ ಮಲಗಿದ್ದಾಳೆ.

ನಾಲ್ಕು ವರ್ಷದ ಹಿಂದೆ ಅದೇ ಕೋಣೆಯಲ್ಲಿ ನಾನಿದ್ದೆ. ನಾರ್ಮಲ್ ಹೆರಿಗೆ, ಆದರೂ ಹೊಲಿಗೆ ಬಿದ್ದಿತ್ತು. ಒಂದು ಲೋಟ ನೀರು ಕೇಳಿದರೆ ದೊಡ್ಡಮ್ಮ "ನೀರ್ ಕುಡುದ್ರೆ ಹೊಟ್ಟೆ ಮುಂದಕ್ ಬತ್ತದೆ ಕಣವ್ವ" ಅನ್ನೋರು. ಮಾರನೇ ದಿನ ಕೇಳಿದರೆ "ನಂಜಾಯ್ತದೆ". ಅದರ ಮಾರನೇ ದಿನ "ಮಗೀಗೆ ಸೀತ ಆಯ್ತದೆ". ದಿನಕ್ಕೊಂದು ಕಾರಣ. ಐದನೇ ದಿನಕ್ಕೆ ಮೋಷನ್ ಗಟ್ಟಿಯಾಗಿ, ಹೊಲಿಗೆ ಮೇಲೆ ಒತ್ತಡ ಬಿದ್ದು, ಬಚ್ಚಲಲ್ಲಿ ಗೋಡೆ ಹಿಡಿದು ಅತ್ತಿದ್ದೇನೆ. ಒಂಬತ್ತನೇ ದಿನಕ್ಕೆ ಉರಿಮೂತ್ರ, ಚಳಿಜ್ವರ. ಮೂತ್ರದ ಸೋಂಕು ಅಂದರು ಡಾಕ್ಟರು. ನೀರು ಕಡಿಮೆಯಾದರೆ ಆಗುವುದೇ ಇದು.

ಯಾರಿಗೂ ಹೇಳಿಕೊಳ್ಳದ ಒಂದು ವಿಷಯ ಇವತ್ತು ಹೇಳುತ್ತೇನೆ. ತಲೆಗೆ ನೀರು ಹಾಕಿಸಿಕೊಳ್ಳುವಾಗ ಬಾಯಿ ತೆರೆದು ಆ ನೀರನ್ನೇ ನುಂಗುತ್ತಿದ್ದೆ. ಎಣ್ಣೆ, ಸೀಗೆಪುಡಿ ಬೆರೆತ ಬಿಸಿನೀರು. ಅದನ್ನೂ ಕುಡಿದಿದ್ದೇನೆ. ಅಷ್ಟು ಬಾಯಾರಿತ್ತು.

ಹೆತ್ತ ಮೇಲೆ ಹೊಟ್ಟೆ ಇಳಿಯದೇ ಇರುವುದು ನೀರಿನಿಂದ ಅಲ್ಲ. ಒಂಬತ್ತು ತಿಂಗಳು ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಹೊಟ್ಟೆಯ ಸ್ನಾಯು ಬಿಗಿಯಾಗಲು ಇನ್ನೂ ಜಾಸ್ತಿ ದಿನ ಬೇಕು. ಕುಡಿದ ನೀರು ಹೊಲಿಗೆಗೂ ಹೋಗಿ ನಿಲ್ಲುವುದಿಲ್ಲ. ಕೀವಾಗುವುದು ಸೋಂಕಿನಿಂದ. ಇನ್ನು ಎದೆಹಾಲಿನಲ್ಲಿ ಶೇಕಡಾ 87ರಷ್ಟು ಇರುವುದೇ ನೀರು. ನೀರು ಜಾಸ್ತಿ ಕುಡಿದಷ್ಟೂ ಹಾಲು ಜಾಸ್ತಿ ಅಂತ ನಾನೂ ಹೇಳುವುದಿಲ್ಲ, ಮಗು ಚೀಪಿದಷ್ಟೂ ಹಾಲು ಬರುತ್ತದೆ. ಆದರೆ ಅಷ್ಟು ಹಾಲು ಕೊಡುವ ತಾಯಿಗೆ ಬಾಯಾರಿಕೆ ಆಗುವುದು ಸಹಜ ಅಲ್ವಾ?

ನನಗೆ ಜಾಸ್ತಿ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. ಹೆರಿಗೆಯಾದ ಮೊದಲ ಕೆಲವು ವಾರ ಹೆಂಗಸರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮೈಯಲ್ಲಿ ನೀರು ಬತ್ತಿದರೆ, ಅಲುಗಾಡದೆ ಮಲಗೇ ಇದ್ದರೆ, ಅಪಾಯ ಇನ್ನೂ ಜಾಸ್ತಿ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಮೆದುಳಿನ ರಕ್ತನಾಳದಲ್ಲೂ ಆಗಬಹುದು. ಆಗ ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್ ಬರುತ್ತದೆ. ನಮ್ಮ ಕಡೆ ಅದಕ್ಕೂ ಹೆಸರಿಟ್ಟಿದ್ದಾರೆ, ಬಾಣಂತಿ ಸನ್ನಿ ಅಂತ. ಗಾಳಿ ಸೋಕಿತು, ತಣ್ಣೀರು ಮುಟ್ಟಿದಳು ಅಂತ ಮತ್ತೆ ಅವಳದೇ ತಪ್ಪು ಮಾಡುತ್ತಾರೆ. ಆಸ್ಪತ್ರೆಗೆ ಓಡಬೇಕಾದ ಹೊತ್ತಲ್ಲಿ ತಾಯಿತ ಕಟ್ಟಿಸುತ್ತಾರೆ.

ನನ್ನ ಮಗನಿಗೆ ಆಗಿದ್ದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಮೊದಲ ಹಾಲು ಹಳದಿ ಇದೆ, ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸಿದರು. ಮಗುವನ್ನು ಸೋಂಕಿನಿಂದ ಕಾಯುವ ಅಂಶ ತುಂಬಿರುವುದೇ ಆ ಹಾಲಿನಲ್ಲಿ. ಅದನ್ನು ಚೆಲ್ಲಿ, ಬೆರಳಲ್ಲಿ ಜೇನುತುಪ್ಪ ನೆಕ್ಕಿಸಿದರು, ಸಕ್ಕರೆ ನೀರು ಹಾಕಿದರು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಸಕ್ಕರೆ ನೀರಿಗೆ ಹೊಟ್ಟೆ ತುಂಬಿದ ಕೂಸು ಎದೆ ಕಚ್ಚಲಿಲ್ಲ. ಚೀಪದೇ ಹಾಲೂ ಸರಿಯಾಗಿ ಇಳಿಯಲಿಲ್ಲ. ತೂಕ ಇಳಿಯಿತು, ಕಾಮಾಲೆ ಜಾಸ್ತಿಯಾಯಿತು, ಎರಡು ದಿನ ನೀಲಿ ಲೈಟಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಆಗ ಯಾರೂ "ನಾವು ಮಾಡಿದ್ದು ತಪ್ಪಾಯ್ತು" ಅನ್ನಲಿಲ್ಲ. "ಇವಳಿಗೆ ಹಾಲೇ ಇಲ್ಲ" ಅಂದರು.

ತಂಗಿಯ ಬಸುರಿನಲ್ಲೂ ಇದೇ ಕಥೆ. ಆಶಾ ಅಕ್ಕ ಮನೆಗೇ ಬಂದು ಕಬ್ಬಿಣದ ಮಾತ್ರೆ ಕೊಟ್ಟು ಹೋಗಿದ್ದರು. ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಗು ಕಪ್ಪಾಗುತ್ತದೆ ಅಂತ ಅತ್ತೆ ಮಾತ್ರೆಯನ್ನು ಡಬ್ಬಿಗೆ ಹಾಕಿಸಿ, ಕೇಸರಿ ಹಾಲು ಕುಡಿಸಿದರು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲೂ ಅಲ್ಲ, ಕೇಸರಿಯಿಂದಲೂ ಅಲ್ಲ. ಆ ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇರುವ ಹೆಂಗಸಿಗೆ ಹೆರಿಗೆಯಲ್ಲಿ ರಕ್ತಸ್ರಾವ ಜಾಸ್ತಿಯಾದರೆ ಯಾರು ಹೊಣೆ? ಬಣ್ಣ ಮುಖ್ಯವಾ, ಜೀವ ಮುಖ್ಯವಾ?

ಬಾಣಂತನವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮವ್ವ ಎಣ್ಣೆ ತಿಕ್ಕಿ ಹಂಡೆ ನೀರು ಹುಯ್ಯುತ್ತಿದ್ದ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ತುಪ್ಪ, ಒಲೆ ಮುಂದೆ ಹೋಗದೆ ತಿಂಗಳುಗಟ್ಟಲೆ ವಿಶ್ರಾಂತಿ, ಎಲ್ಲವೂ ಬೇಕು. ಅವ್ವನಿಗೆ ನಮ್ಮ ಮೇಲೆ ಇರುವ ಪ್ರೀತಿ ದೊಡ್ಡದು. ಆದರೆ "ನಾವೆಲ್ಲ ಹೆತ್ತಿಲ್ವಾ, ನಮ್ಗೇನಾಯ್ತು?" ಅಂತ ಅವರು ಕೇಳಿದಾಗ ನನ್ನ ಮೈಯೆಲ್ಲ ಉರಿಯುತ್ತದೆ. ಏನಾಯ್ತು ಅಂತ ಹೇಳಲು ನಮ್ಮ ಚಿಕ್ಕತ್ತೆ ಇಲ್ಲ. ಹೆತ್ತು ಹನ್ನೆರಡು ದಿನಕ್ಕೆ ಹೋದರು. ಯಾವ ಕಾಯಿಲೆ ಅಂತ ಯಾರೂ ತೋರಿಸಲಿಲ್ಲ. ಫೋಟೋ ನಡುಮನೆಯಲ್ಲಿ ಇದೆ.

ಆಸ್ಪತ್ರೆಯವರ ಮೇಲೂ ನನಗೆ ಸಿಟ್ಟಿದೆ. ಡಿಸ್ಚಾರ್ಜ್ ದಿನ ಮಾತ್ರೆ ಚೀಟಿ ಕೊಟ್ಟು, ಬಿಲ್ ಕಟ್ಟಿಸಿಕೊಂಡು ಕಳಿಸಿದರು. ಪಕ್ಕದಲ್ಲೇ ನಿಂತಿದ್ದ ಅವ್ವನಿಗೆ, ಅತ್ತೆಗೆ "ಬಾಯಾರಿದಾಗೆಲ್ಲ ನೀರು ಕೊಡಿ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಡಾಕ್ಟರು ಹೇಳಿದರೆ ಕೇಳುತ್ತಾರೆ, ನಾನು ಹೇಳಿದರೆ "ನಾಕಕ್ಷರ ಕಲ್ತು ದೊಡ್ಡೋಳಾದ್ಲು". ತಂಗಿಯ ಗಂಡ ಇಂಜಿನಿಯರ್. ಹೆಂಗಸರ ವಿಷಯ, ನಾನು ತಲೆ ಹಾಕಲ್ಲ ಅನ್ನುತ್ತಾನೆ. ಅವನದೇ ಮಗು, ಅವನದೇ ಹೆಂಡತಿ!

ರಾತ್ರಿಯೇ ಅವಳಿಗೆ ಹೇಳಿದೆ, ಈಗಲೇ ಎದ್ದು ಕುಡಿ, ಎಷ್ಟು ಬೇಕೋ ಅಷ್ಟು ಕುಡಿ ಅಂತ. "ಅವ್ವ ಬಾಗಿಲ ಹತ್ರಾನೇ ಮಲಗವ್ಳೆ ಅಕ್ಕ" ಅಂದಳು. ಇವತ್ತು ಆಫೀಸಿಗೆ ರಜೆ ಹಾಕಿದ್ದೇನೆ. ಎರಡು ಲೀಟರಿನ ಸ್ಟೀಲ್ ಫ್ಲಾಸ್ಕ್ ತೆಗೆದುಕೊಂಡು ಆರೂವರೆ ಬಸ್ಸು ಹತ್ತಿದ್ದೇನೆ. ಶ್ರೀರಂಗಪಟ್ಟಣ ದಾಟಿತು. ಅವಳ ತಲೆದಿಂಬಿನ ಪಕ್ಕ ಅದನ್ನು ಇಟ್ಟು ಅಲ್ಲೇ ಕೂರುತ್ತೇನೆ. ಯಾರು ಬಂದು ಎತ್ತಿಕೊಳ್ಳುತ್ತಾರೋ ನೋಡುತ್ತೇನೆ.